ಒಂದೇ ಬೆರಳು, ಎರಡು ಮತ: ಮಲೆನಾಡಿನ ಸಂಪ್ರದಾಯವಾದಿ ಮತದಾರನ ಲೆಕ್ಕಾಚಾರ

2023ರ ಮೇ 10ರಂದು ನಮ್ಮೂರಿನ ಸರ್ಕಾರಿ ಪ್ರಾಥಮಿಕ ಶಾಲೆಯ ಮತಗಟ್ಟೆಯಲ್ಲಿ ನಾನು ಕಮಲದ ಗುಂಡಿ ಒತ್ತಲಿಲ್ಲ. ಮತದಾನದ ಹಕ್ಕು ಬಂದ ಮೇಲೆ ವಿಧಾನಸಭೆಗೆ ಹಾಗೆ ಮಾಡಿದ್ದು ಅದೇ ಮೊದಲು. ವರ್ಷ ತುಂಬಲು ಮೂರು ದಿನ ಬಾಕಿ ಇರುವಾಗ, 2024ರ ಮೇ 7ರಂದು, ಅದೇ ಶಾಲೆಯ ಅದೇ ಕೊಠಡಿಯಲ್ಲಿ ಲೋಕಸಭೆಗೆ ಮತ್ತೆ ಕಮಲಕ್ಕೇ ಮತ ಹಾಕಿ ಬಂದೆ. ನನ್ನಂತೆ ಮಾಡಿದವರು ನಮ್ಮ ಸಾಗರ ಸೀಮೆಯಲ್ಲಿ ಒಬ್ಬಿಬ್ಬರಲ್ಲ. 2023ರಲ್ಲಿ ಸಾಗರದಲ್ಲಿ ಕಾಂಗ್ರೆಸ್ಸಿನ ಗೋಪಾಲಕೃಷ್ಣ ಬೇಳೂರು ಗೆದ್ದರು. ಶಿವಮೊಗ್ಗ ಜಿಲ್ಲೆಯ ಏಳು ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಮೂರು, ಬಿಜೆಪಿಗೆ ಮೂರು, ಜೆಡಿಎಸ್‌ಗೆ ಒಂದು ಎಂದು ಹಂಚಿಹೋಯಿತು. ಮರುವರ್ಷ ಲೋಕಸಭೆಗೆ ಬಿ.ವೈ. ರಾಘವೇಂದ್ರ ಎರಡು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ಇದನ್ನು ಕಂಡು ಚಂಚಲ ಮತದಾರ ಎಂದವರಿದ್ದಾರೆ. ಹಣಕ್ಕೆ ಒಮ್ಮೆ, ಅಲೆಗೆ ಒಮ್ಮೆ ಎಂದವರೂ ಇದ್ದಾರೆ. ನಾನು ಸಂಪ್ರದಾಯವಾದಿ. ಮನೆ, ಮಣ್ಣು, ದೇವಸ್ಥಾನ, ಭಾಷೆ, ಹಿರಿಯರು ಬಿಟ್ಟುಹೋದ ಕಟ್ಟುಪಾಡು ಇವುಗಳಲ್ಲಿ ಉಳಿಸಿಕೊಳ್ಳಬೇಕಾದದ್ದು ಬಹಳವಿದೆ ಎಂದು ನಂಬಿದವನು. ಈ ಜಾಗದಲ್ಲಿ ನಿಂತು ನೋಡಿದಾಗ ನನಗೆ ಅಲ್ಲಿ ಚಂಚಲತೆ ಕಾಣುವುದಿಲ್ಲ. ಬೆಂಗಳೂರನ್ನು ಒಂದು ತಕ್ಕಡಿಯಲ್ಲಿ, ದೆಹಲಿಯನ್ನು ಇನ್ನೊಂದು ತಕ್ಕಡಿಯಲ್ಲಿ ತೂಗುವ ಹಳೆಯ ರೂಢಿ ಕಾಣುತ್ತದೆ. ಆದರೆ ಒಂದು ಮಾತನ್ನು ನನ್ನ ಪಾಳಯದವರಿಗೇ ಹೇಳಬೇಕಿದೆ. ಈ ಎರಡು ತಕ್ಕಡಿಗಳ ಬಟ್ಟು ಒಂದೇ ತೂಕದ್ದಲ್ಲ. ರಾಜ್ಯ ಸರ್ಕಾರದ ತಪ್ಪನ್ನು ತೊಲ ಲೆಕ್ಕದಲ್ಲಿ ತೂಗುವ ನಾವು, ಕೇಂದ್ರದ ತಪ್ಪನ್ನು ಮಣ ಲೆಕ್ಕಕ್ಕೆ ಬಂದರೂ ತೂಗಲು ಹೋಗುವುದಿಲ್ಲ.

ಈ ರೂಢಿ ಮೋದಿಯವರ ಕಾಲದಲ್ಲಿ ಹುಟ್ಟಿದ್ದಲ್ಲ. ಇಂದಿರಾ ಗಾಂಧಿಯವರ ಹತ್ಯೆಯ ನಂತರ 1984ರ ಡಿಸೆಂಬರಿನಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ರಾಜ್ಯದಲ್ಲಿ ಆಳುತ್ತಿದ್ದ ಜನತಾ ಪಕ್ಷಕ್ಕೆ ಸಿಕ್ಕಿದ್ದು ನಾಲ್ಕು. ಜನರ ವಿಶ್ವಾಸ ಕಳೆದುಕೊಂಡೆವು ಎಂದು ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮರಳಿ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ಅದೇ ಜನ 224ರಲ್ಲಿ 139 ಸ್ಥಾನಗಳನ್ನು ಜನತಾ ಪಕ್ಷಕ್ಕೆ ಕೊಟ್ಟರು. ನಡುವೆ ಕಳೆದದ್ದು ಮೂರು ತಿಂಗಳು ಮಾತ್ರ. ಆ ಚುನಾವಣೆಯಲ್ಲಿ ಬಿಜೆಪಿಗೆ ರಾಜ್ಯದಲ್ಲಿ ಬಂದದ್ದು ಎರಡೇ ಸ್ಥಾನ. ಅಂದರೆ ಇಂದು ಬಲಪಂಥೀಯ ಎಂದು ಕರೆಸಿಕೊಳ್ಳುವ ಮತದಾರನ ತಂದೆ ಅಂದು ಹೆಗಡೆಯವರ ಜೊತೆಗೋ ಕಾಂಗ್ರೆಸ್ಸಿನ ಜೊತೆಗೋ ಇದ್ದ. ಪಕ್ಷ ಬದಲಾಗಿದೆ, ಎರಡು ಮತವನ್ನು ಎರಡು ಬಗೆಯಲ್ಲಿ ಹಾಕುವ ಅಭ್ಯಾಸ ಬದಲಾಗಿಲ್ಲ.

ಈಚಿನ ನಾಲ್ಕು ಚುನಾವಣೆಗಳಲ್ಲಿ ಬಿಜೆಪಿ ಪಡೆದ ಮತಪ್ರಮಾಣವನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. 2018ರ ವಿಧಾನಸಭೆಗೆ ಶೇ 36ರಷ್ಟು. 2019ರ ಲೋಕಸಭೆಗೆ ಶೇ 51ಕ್ಕೂ ಹೆಚ್ಚು. 2023ರ ವಿಧಾನಸಭೆಗೆ ಮತ್ತೆ ಶೇ 36. 2024ರ ಲೋಕಸಭೆಗೆ ಶೇ 46ರಷ್ಟು. 2018ರಲ್ಲಿ 104 ಇದ್ದ ಸ್ಥಾನಗಳು 2023ರಲ್ಲಿ 66ಕ್ಕೆ ಕುಸಿದವು, ಆದರೆ ಮತಪ್ರಮಾಣ ಹೆಚ್ಚು ಕಡಿಮೆ ಅಲುಗಲೇ ಇಲ್ಲ. ಜೆಡಿಎಸ್‌ನಿಂದ ಜಾರಿದ ಶೇ 5ರಷ್ಟು ಮತಗಳಷ್ಟೇ ಪ್ರಮಾಣದಲ್ಲಿ ಕಾಂಗ್ರೆಸ್ಸಿನ ಮತ ಏರಿತು. ಆ ಪಕ್ಷ 135ಕ್ಕೆ ತಲುಪಿತು. ‘ಹಿಂದುತ್ವವನ್ನು ಕನ್ನಡಿಗರು ತಿರಸ್ಕರಿಸಿದರು’ ಎಂದು ಅಂದು ಬರೆದವರು ಈ ಅಂಕಿಯನ್ನು ನೋಡಲಿಲ್ಲ. ಮರುವರ್ಷ ‘ಗ್ಯಾರಂಟಿಗಳನ್ನು ತಿರಸ್ಕರಿಸಿದರು’ ಎಂದವರೂ ನೋಡಲಿಲ್ಲ. ಆ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಮತಪ್ರಮಾಣವೂ ಶೇ 45ಕ್ಕೆ ಏರಿತ್ತು, ಒಂದಿದ್ದ ಸ್ಥಾನ ಒಂಬತ್ತಾಗಿತ್ತು, ಕಲ್ಯಾಣ ಕರ್ನಾಟಕದ ಐದೂ ಕ್ಷೇತ್ರಗಳು ಅದರ ಪಾಲಾಗಿದ್ದವು.

ಹಾಗಾದರೆ 36ಕ್ಕೂ 46ಕ್ಕೂ, 36ಕ್ಕೂ 51ಕ್ಕೂ ನಡುವೆ ಇರುವವರು ಯಾರು? ದೊಡ್ಡ ಪಾಲು ಹಳೆಯ ಮೈಸೂರು ಭಾಗದ್ದು. ವಿಧಾನಸಭೆಗೆ ಜೆಡಿಎಸ್‌ನ ತೆನೆ ಹೊತ್ತ ಮಹಿಳೆಗೆ ಒತ್ತುವ ಒಕ್ಕಲಿಗ ರೈತ ಲೋಕಸಭೆಗೆ ಕಮಲಕ್ಕೆ ಒತ್ತುತ್ತಾನೆ. 2019ರಲ್ಲಿ ಜೆಡಿಎಸ್ ಕಾಂಗ್ರೆಸ್ಸಿನ ಜೊತೆ ಮೈತ್ರಿ ಮಾಡಿಕೊಂಡಾಗಲೂ ಅವನು ಹಾಗೆಯೇ ಮಾಡಿದ. 2024ರಲ್ಲಿ ಆ ಪಕ್ಷವೇ ಬಿಜೆಪಿಯ ಜೊತೆ ಬಂದು ಮೂರು ಕಡೆ ಸ್ಪರ್ಧಿಸಿ ಎರಡು ಗೆದ್ದಿತು. ಇನ್ನೊಂದು ಪಾಲು ಸ್ಥಳೀಯ ನಾಯಕರ ಹಿಂದೆ ಹೋಗುವ ಮತ, ಆ ನಾಯಕ ಲೋಕಸಭೆಗೆ ನಿಲ್ಲದಿದ್ದಾಗ ಬಿಡುಗಡೆಯಾಗುವಂಥದು. ಮೂರನೆಯ ಪಾಲು ಚಿಕ್ಕದು, ಆದರೆ ನನಗೆ ಹೆಚ್ಚು ಮುಖ್ಯವಾದದ್ದು: ಮನಸ್ಸಿನಲ್ಲಿ ಬಿಜೆಪಿಯವನೇ ಆಗಿದ್ದು, ರಾಜ್ಯದ ಬಿಜೆಪಿಯಿಂದ ಬೇಸತ್ತವನು. ನಾನು ಈ ಪಾಲಿನವನು. ಈ ಬೇಸರದ ಬೇರು ಎಲ್ಲಿದೆ ಎಂದು ತಿಳಿಯಬೇಕಾದರೆ ಮೊದಲು ಮಣ್ಣಿನ ಮಾತಾಡಬೇಕು.

ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಮರುವರ್ಷ ಸಾಗರ–ಹೊಸನಗರದಿಂದ ಸಮಾಜವಾದಿ ಶಾಂತವೇರಿ ಗೋಪಾಲಗೌಡ ಶಾಸಕರಾದರು. ಮುಂದೆ ದೇವರಾಜ ಅರಸು ಸರ್ಕಾರದ 1974ರ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯನಾದ. ನಮ್ಮ ಮನೆಯೂ ಗೇಣಿಗೆ ಕೊಟ್ಟಿದ್ದ ಗದ್ದೆಯನ್ನು ಕಳೆದುಕೊಂಡಿತು. ಅಜ್ಜ ಸಾಯುವವರೆಗೂ ಆ ಗದ್ದೆಯ ಬದುವಿನ ಮೇಲೆ ನಡೆಯಲಿಲ್ಲ, ಸುತ್ತುಬಳಸಿ ಹೋಗುತ್ತಿದ್ದರು. ಆ ನೋವು ನಿಜ. ಆದರೆ ಐವತ್ತು ವರ್ಷಗಳ ನಂತರ ಇನ್ನೊಂದು ನಿಜವೂ ನನ್ನ ಕಣ್ಣ ಮುಂದಿದೆ. ಅಂದು ಆ ಗದ್ದೆ ಪಡೆದ ಕುಟುಂಬ ಅದರ ಅರ್ಧವನ್ನು ಅಡಿಕೆ ತೋಟ ಮಾಡಿತು, ಮಕ್ಕಳನ್ನು ಓದಿಸಿತು, ಮನೆಯ ಮುಂದೆ ತುಳಸಿಕಟ್ಟೆ ಕಟ್ಟಿಸಿತು, ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ನಮ್ಮ ಮನೆಗಿಂತ ಹೆಚ್ಚು ಹಣ ಕೊಟ್ಟಿತು. ಇಂದು ಊರಿನ ಗಟ್ಟಿ ಬಿಜೆಪಿ ಮನೆಗಳಲ್ಲಿ ಅದೂ ಒಂದು. ಭೂಮಿ ಬಂದ ಮೇಲೆ ಉಳಿಸಿಕೊಳ್ಳಲು ಅವರಿಗೂ ಏನೋ ಬಂತು. ಮಲೆನಾಡಿನ ಸಂಪ್ರದಾಯವಾದಿ ಮತದಾರನನ್ನು ಸೃಷ್ಟಿಸಿದ್ದರಲ್ಲಿ ಶಾಖೆ, ಬೈಠಕ್‌ಗಳಷ್ಟೇ ಪಾಲು ಆ ಭೂಸುಧಾರಣೆಗೂ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದ್ದರಿಂದಲೇ 2020ರಲ್ಲಿ ಯಡಿಯೂರಪ್ಪ ಸರ್ಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದಾಗ ನನಗೆ ಆಘಾತವಾಯಿತು. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳಬಾರದು ಎಂಬ ತಡೆ ಒಂದೇ ಏಟಿಗೆ ಹೋಯಿತು. ಒಂದು ಕುಟುಂಬ ಇಟ್ಟುಕೊಳ್ಳಬಹುದಾದ ಭೂಮಿಯ ಮಿತಿಯೂ ದುಪ್ಪಟ್ಟಾಯಿತು. ಹೂಡಿಕೆ ಬರುತ್ತದೆ, ಭ್ರಷ್ಟಾಚಾರ ತಪ್ಪುತ್ತದೆ ಎಂಬುದು ಸರ್ಕಾರದ ವಾದ. ತಹಶೀಲ್ದಾರ್ ಕಚೇರಿಗಳಲ್ಲಿ ಆ ಕಲಂಗಳ ಹೆಸರಿನಲ್ಲಿ ಸುಲಿಗೆ ನಡೆಯುತ್ತಿದ್ದದ್ದು ಸುಳ್ಳಲ್ಲ. ಆದರೆ ಬಾಗಿಲ ಚಿಲಕ ತುಕ್ಕು ಹಿಡಿದರೆ ಚಿಲಕ ಬದಲಿಸಬೇಕು, ಬಾಗಿಲನ್ನೇ ಕಿತ್ತೊಗೆಯುವುದಲ್ಲ. ನಮ್ಮ ಕಡೆ ಮಕ್ಕಳು ಬೆಂಗಳೂರು ಸೇರಿ, ವಯಸ್ಸಾದ ತಂದೆತಾಯಿ ಮಾತ್ರ ಉಳಿದ ತೋಟಗಳು ಎಷ್ಟೋ ಇವೆ. ಒಂದು ತೋಟ ಹೊರಗಿನವರ ಪಾಲಾದರೆ ಅದರ ಜೊತೆಗೆ ಸೊಪ್ಪಿನಬೆಟ್ಟ, ಹಳ್ಳದ ನೀರಿನ ಸರದಿ, ಊರ ಹಬ್ಬದ ವಂತಿಗೆ, ಸಾವಿಗೆ ಹೆಗಲು ಕೊಡುವ ನಾಲ್ಕು ಜನ ಎಲ್ಲವೂ ಹೋಗುತ್ತವೆ. ಸಂಸ್ಕೃತಿಯ ಮಾತಾಡುವ ಪಕ್ಷಕ್ಕೆ ಇದು ತಿಳಿಯಬೇಕಿತ್ತು. ವಿರೋಧ ಪಕ್ಷದಲ್ಲಿದ್ದಾಗ ಕಟುವಾಗಿ ಟೀಕಿಸಿದ ಕಾಂಗ್ರೆಸ್ಸು ಅಧಿಕಾರಕ್ಕೆ ಬಂದು ಎರಡು ವರ್ಷ ಕಳೆದರೂ ಆ ಕಲಂಗಳನ್ನು ಮರಳಿ ತರಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು.

ದೇವಸ್ಥಾನದ ವಿಷಯದಲ್ಲಿ ನಮ್ಮ ನಿರಾಶೆ ಇನ್ನೂ ನೇರವಾದದ್ದು. ರಾಜ್ಯದಲ್ಲಿ ಮುಜರಾಯಿ ಇಲಾಖೆಗೆ ಸೇರಿದ 34 ಸಾವಿರಕ್ಕೂ ಹೆಚ್ಚು ದೇವಸ್ಥಾನಗಳಿವೆ. ಕೆಲವು ನೂರನ್ನು ಬಿಟ್ಟರೆ ಉಳಿದವೆಲ್ಲ ಕಡಿಮೆ ವರಮಾನದ ಸಿ ವರ್ಗದವು, ಸರ್ಕಾರ ಪೂಜೆಗೆಂದು ಕೊಡುವ ತಸ್ತೀಕಿನ ಹಣದಲ್ಲಿ ದೀಪ ಉರಿಯುವಂಥವು. 2021ರ ಡಿಸೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಹುಬ್ಬಳ್ಳಿಯಲ್ಲಿ ನಡೆದ ಪಕ್ಷದ ಸಭೆಯಲ್ಲಿ, ದೇವಸ್ಥಾನಗಳನ್ನು ಸರ್ಕಾರದ ಹಿಡಿತದಿಂದ ಬಿಡಿಸುವ ಕಾನೂನು ತರುವುದಾಗಿ ಘೋಷಿಸಿದರು. ಆ ಮಾತು ಕೇಳಿ ನನಗಾದ ಸಂತೋಷ ಇಂದಿಗೂ ನೆನಪಿದೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಅವರು ಅಧಿಕಾರದಲ್ಲಿದ್ದರು. ಕಾನೂನು ಬರಲಿಲ್ಲ. 2024ರಲ್ಲಿ ಕಾಂಗ್ರೆಸ್ ಸರ್ಕಾರ ವಾರ್ಷಿಕ ಒಂದು ಕೋಟಿಗೂ ಹೆಚ್ಚು ವರಮಾನದ ದೇವಸ್ಥಾನಗಳಿಂದ ಶೇ 10ರಷ್ಟನ್ನು ಸಾಮಾನ್ಯ ನಿಧಿಗೆ ಪಡೆಯುವ ಮಸೂದೆ ತಂದಾಗ ಬಿಜೆಪಿ ನಾಯಕರು ಬೀದಿಗಿಳಿದರು. ಆ ಹಣ ಸಣ್ಣ ದೇವಸ್ಥಾನಗಳಿಗೆ, ಅರ್ಚಕರಿಗೆ ಹೋಗುತ್ತದೆ ಎಂದು ಸರ್ಕಾರ ವಾದಿಸಿತು. ಹಳೆಯ ಕಾಯ್ದೆಯಲ್ಲೂ ಇಂಥ ಪಾಲು ಇತ್ತು ಎಂಬುದು ನಿಜವೇ. ನನ್ನ ಆಕ್ಷೇಪ ಬೇರೆ. ದೇವಸ್ಥಾನದ ಹುಂಡಿಯ ಲೆಕ್ಕವನ್ನು ಭಕ್ತರ ಸಮಿತಿ ನೋಡಬೇಕೇ ಹೊರತು ಆಯುಕ್ತರಲ್ಲ ಎಂಬುದು ನಮ್ಮ ನಿಲುವು. ಆ ನಿಲುವಿಗೆ ಕಾನೂನಿನ ರೂಪ ಕೊಡುವ ಅವಕಾಶ ಇದ್ದಾಗ ನಮ್ಮವರೇ ಕೈಬಿಟ್ಟರು. ಗೋಹತ್ಯೆ ನಿಷೇಧ ಕಾಯ್ದೆಯ ಕಥೆಯೂ ಹೆಚ್ಚು ಬೇರೆಯಲ್ಲ. ಕಾಯ್ದೆಯನ್ನು ನಾನು ಬೆಂಬಲಿಸಿದೆ, ಈಗಲೂ ಬೆಂಬಲಿಸುತ್ತೇನೆ. ಆದರೆ ಕಾನೂನು ಬಂದಷ್ಟು ಬೇಗ ಗೋಶಾಲೆ ಬರಲಿಲ್ಲ. ಬತ್ತಿದ ಹಸು, ದುಡಿಯಲಾರದ ಎತ್ತನ್ನು ಕಟ್ಟಿಕೊಂಡ ಬಡ ರೈತನ ಹಟ್ಟಿಗೆ ಹುಲ್ಲು ಯಾರು ಕೊಡಬೇಕು ಎಂಬ ಪ್ರಶ್ನೆಯನ್ನು ಕಾಯ್ದೆ ಬರೆದವರು ಅರ್ಧಕ್ಕೇ ಬಿಟ್ಟರು.

ಈಗ ಗ್ಯಾರಂಟಿಗಳ ಮಾತು. ಇಲ್ಲಿ ನನ್ನ ಅಭಿಪ್ರಾಯ ಒಂದೇ ವರ್ಷದಲ್ಲಿ ಸ್ವಲ್ಪ ಬದಲಾಯಿತು, ಬದಲಾಯಿಸಿದವರು ನಮ್ಮ ಮನೆಗೆ ಅಡಿಕೆ ಸುಲಿಯಲು ಬರುವ ಹೆಂಗಸರು. 2023ರ ಡಿಸೆಂಬರಿನ ಒಂದು ರಾತ್ರಿ. ಕೊನೆ ಕೊಯ್ಲು ಮುಗಿದು ಅಂಗಳದ ತುಂಬ ಹಸಿ ಅಡಿಕೆ ರಾಶಿ. ಎಂಟು ಜನ ಮೆಟ್ಟುಗತ್ತಿಯ ಮೇಲೆ ಕುಳಿತಿದ್ದರು. ಒಲೆಯ ಮೇಲಿನ ಹಂಡೆಯಲ್ಲಿ ಅಡಿಕೆ ಬೇಯುವ ಒಗರು ವಾಸನೆ. “ಎರಡು ಸಾವಿರ ಪುಕ್ಕಟೆ ಬರುತ್ತದೆ ಎಂದು ಜನ ಸೋಮಾರಿಗಳಾಗುತ್ತಾರೆ” ಎಂದು ನಾನು ಎಲ್ಲರೂ ಹೇಳುವ ಮಾತನ್ನೇ ಹೇಳಿದೆ. ನಲವತ್ತರ ಆಸುಪಾಸಿನ ಒಬ್ಬಾಕೆ ಕತ್ತಿಯಿಂದ ಕಣ್ಣೆತ್ತದೆ ಹೇಳಿದಳು: “ಅಣ್ಣಾ, ಸೋಮಾರಿಗಳಾಗಿದ್ದರೆ ಈ ಚಳಿಯಲ್ಲಿ ಹತ್ತು ಗಂಟೆಗೆ ಇಲ್ಲಿ ಯಾರು ಕೂತಿರುತ್ತಿದ್ದರು? ಆ ಹಣ ನನ್ನ ಖಾತೆಗೆ ಬರುತ್ತದೆ, ಅವರ ಖಾತೆಗಲ್ಲ. ಸಂಘದ ಕಂತು ಕಟ್ಟುವ ದಿನ ನಾನು ಯಾರ ಮುಖವನ್ನೂ ನೋಡಬೇಕಾಗಿಲ್ಲ.” ಲೋಕಸಭೆಗೆ ಯಾರಿಗೆ ಹಾಕುತ್ತೀ ಎಂದು ಇನ್ನೊಬ್ಬರು ಕೇಳಿದರು. “ಅದಕ್ಕೆ ಮೋದಿಗೆ” ಎಂದಳು. ಆ ‘ಅದಕ್ಕೆ’ ಎಂಬ ಪದದಲ್ಲಿ ಇಡೀ ಕರ್ನಾಟಕದ ಚುನಾವಣಾ ಶಾಸ್ತ್ರ ಇತ್ತು.

ಅವಳ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಸಾಲಕ್ಕೆ ಅಂಜುವ ಮನೆತನದಲ್ಲಿ ಬೆಳೆದವನಿಗೆ ಸರ್ಕಾರದ ಲೆಕ್ಕಪತ್ರ ನೋಡಿದಾಗ ಆಗುವ ಕಳವಳಕ್ಕೂ ಉತ್ತರ ಸಿಕ್ಕಿಲ್ಲ. ಹಣಕಾಸಿನ ಶಿಸ್ತಿಗಾಗಿ 2002ರಲ್ಲೇ ಕಾಯ್ದೆ ಮಾಡಿಕೊಂಡ ಮೊದಲ ರಾಜ್ಯ ನಮ್ಮದು. 2004–05ರಿಂದ ಕೋವಿಡ್ ಬರುವವರೆಗೂ ಯಾವ ಪಕ್ಷ ಆಳಿದರೂ ರಾಜ್ಯದ ರಾಜಸ್ವ ಖಾತೆಯಲ್ಲಿ ಮಿಗತೆ ಇರುತ್ತಿತ್ತು. ಅಂದರೆ ದಿನನಿತ್ಯದ ಖರ್ಚಿಗೆ ಸಾಲ ಮಾಡುತ್ತಿರಲಿಲ್ಲ. 2025–26ರ ಬಜೆಟ್ಟಿನ ಗಾತ್ರ 4.09 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ ಸುಮಾರು 51 ಸಾವಿರ ಕೋಟಿ, ರಾಜಸ್ವ ಕೊರತೆ 19 ಸಾವಿರ ಕೋಟಿಗೂ ಹೆಚ್ಚು, ಆ ಒಂದೇ ವರ್ಷಕ್ಕೆ ಹೊಸದಾಗಿ ಎತ್ತುವ ಸಾಲ 1.16 ಲಕ್ಷ ಕೋಟಿ. ಈ ಸಾಲವನ್ನು ತೀರಿಸುವವರು ಅಂದು ಅಂಗಳದಲ್ಲಿ ಸುಲಿಯುತ್ತಿದ್ದ ಹೆಂಗಸರ ಮಕ್ಕಳೇ. ಜೊತೆಗೆ ಗ್ಯಾರಂಟಿಯ ಫಲ ಎಲ್ಲರಿಗೂ ಸಮವಾಗಿ ಸಿಕ್ಕಿಲ್ಲ. ಶಿವಮೊಗ್ಗ, ಉಡುಪಿ, ದಕ್ಷಿಣ ಕನ್ನಡದ ಎಷ್ಟೋ ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸು. ಬೆಂಗಳೂರಿನ ಹೆಣ್ಣುಮಗಳಿಗೆ ಶಕ್ತಿ ಯೋಜನೆ ದಿನವೂ ಸಿಗುತ್ತದೆ, ನಮ್ಮ ಹಳ್ಳಿಯ ಹೆಣ್ಣುಮಗಳು ಟಿಕೆಟ್ ಕೊಂಡೇ ಹತ್ತುತ್ತಾಳೆ.

ಇದನ್ನೆಲ್ಲ ಬಿಜೆಪಿ ಪ್ರಬಲವಾಗಿ ಹೇಳಬಹುದಿತ್ತು. ಹೇಳುವ ನೈತಿಕ ಬಲವನ್ನು ಅದು ಕಳೆದುಕೊಂಡಿತು. 2022ರ ಜುಲೈನಲ್ಲಿ ಪ್ರಧಾನಿಯವರು ‘ರೇವಡಿ ಸಂಸ್ಕೃತಿ’, ಅಂದರೆ ಮತಕ್ಕಾಗಿ ಪುಕ್ಕಟೆ ಹಂಚುವ ರೂಢಿ, ದೇಶಕ್ಕೆ ಮಾರಕ ಎಂದರು. ಮರುವರ್ಷ ಮಧ್ಯಪ್ರದೇಶದಲ್ಲಿ ಲಾಡ್ಲಿ ಬಹನಾ, ಅದರ ಮುಂದಿನ ವರ್ಷ ಮಹಾರಾಷ್ಟ್ರದಲ್ಲಿ ಲಾಡ್ಕಿ ಬಹೀಣ್; ಎರಡೂ ಹೆಣ್ಣುಮಕ್ಕಳ ಖಾತೆಗೆ ತಿಂಗಳ ಹಣ ಹಾಕುವ ಯೋಜನೆಗಳು, ಎರಡನ್ನೂ ತಂದದ್ದು ಬಿಜೆಪಿ ಇದ್ದ ಸರ್ಕಾರಗಳು. ಕರ್ನಾಟಕದಲ್ಲಿ ತಪ್ಪಾದದ್ದು ಮಹಾರಾಷ್ಟ್ರದಲ್ಲಿ ಸರಿಯಾಗುವುದು ಹೇಗೆ ಎಂದು ಕೇಳಿದರೆ ನಮ್ಮ ಕಾರ್ಯಕರ್ತರು ವಿಷಯ ಬದಲಿಸುತ್ತಾರೆ.

ರಾಜ್ಯ ಬಿಜೆಪಿಯ ಮೇಲಿನ ಬೇಸರಕ್ಕೆ ಇನ್ನೊಂದು ದೊಡ್ಡ ಕಾರಣ ಕೊಟ್ಟ ಮಾತಿಗೆ ಬೆಲೆ ಇಲ್ಲದಂತಾದದ್ದು. 2008ರಲ್ಲಿ 110 ಸ್ಥಾನ ಗೆದ್ದು ದಕ್ಷಿಣ ಭಾರತದಲ್ಲಿ ಮೊದಲ ಬಿಜೆಪಿ ಸರ್ಕಾರ ಬಂದಾಗ ನಾವು ಊರಿನಲ್ಲಿ ಸಿಹಿ ಹಂಚಿದವರು. ಆ ಐದು ವರ್ಷಗಳಲ್ಲಿ ಮೂವರು ಮುಖ್ಯಮಂತ್ರಿಗಳು ಬಂದರು. ಬಹುಮತಕ್ಕಾಗಿ ‘ಆಪರೇಷನ್ ಕಮಲ’ ಎಂಬ ಹೊಸ ಪದವನ್ನು ಆ ಸರ್ಕಾರ ರಾಜಕೀಯದ ನಿಘಂಟಿಗೆ ಕೊಟ್ಟಿತು. ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ ಬಂದು 2011ರಲ್ಲಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು, ಪಕ್ಷ ಒಡೆದು ಕೆಜೆಪಿ ಹುಟ್ಟಿತು, 2013ರಲ್ಲಿ ಬಿಜೆಪಿ 40ಕ್ಕೆ ಇಳಿಯಿತು. 2019ರಲ್ಲಿ ಮತ್ತೆ ಹದಿನೇಳು ಶಾಸಕರ ಬಲದಿಂದ ಇನ್ನೊಂದು ಸರ್ಕಾರ ಬಿದ್ದು ನಮ್ಮ ಸರ್ಕಾರ ಬಂತು. ಹಾಗೆ ಬಂದವರಿಗೆ ಸಚಿವ ಸ್ಥಾನ, ನಲವತ್ತು ವರ್ಷ ಪೋಸ್ಟರ್ ಅಂಟಿಸಿದವನಿಗೆ ಸಭೆಯಲ್ಲಿ ಕುರ್ಚಿ ಹಾಕುವ ಕೆಲಸ. 2021ರಲ್ಲಿ ಗುತ್ತಿಗೆದಾರರ ಸಂಘ ಶೇ 40ರ ಕಮಿಷನ್ ಆರೋಪ ಮಾಡಿ ಪ್ರಧಾನಿಗೇ ಪತ್ರ ಬರೆಯಿತು. ಆ ಆರೋಪವನ್ನು ಎದುರಿಸಿ, ತನಿಖೆ ಮಾಡಿಸಿ, ತಪ್ಪಿತಸ್ಥರಿದ್ದರೆ ಹೊರಹಾಕುವ ಧೈರ್ಯವನ್ನು ನಾಯಕರು ತೋರಿಸಲಿಲ್ಲ.

ಪುತ್ತೂರಿನಲ್ಲಿ ನಡೆದದ್ದು ಈ ಬೇಸರದ ಅತಿ ಸ್ಪಷ್ಟ ಚಿತ್ರ. 2022ರ ಜುಲೈನಲ್ಲಿ ಬೆಳ್ಳಾರೆಯಲ್ಲಿ ಪಕ್ಷದ ಯುವ ಕಾರ್ಯಕರ್ತನ ಕೊಲೆಯಾಯಿತು. ಆಗ ಕಾರ್ಯಕರ್ತರು ಘೇರಾವ್ ಮಾಡಿದ್ದು ತಮ್ಮದೇ ಪಕ್ಷದ ರಾಜ್ಯಾಧ್ಯಕ್ಷರ ಕಾರನ್ನು. ಹತ್ತು ತಿಂಗಳ ನಂತರದ ಚುನಾವಣೆಯಲ್ಲಿ ಹಿಂದೂ ಸಂಘಟನೆಯ ಅರುಣ್ ಕುಮಾರ್ ಪುತ್ತಿಲ ಪಕ್ಷೇತರರಾಗಿ ನಿಂತು 62 ಸಾವಿರಕ್ಕೂ ಹೆಚ್ಚು ಮತ ಪಡೆದರು, ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ 66 ಸಾವಿರದಷ್ಟು ಪಡೆದು ಗೆದ್ದರು, ಬಿಜೆಪಿ ಅಭ್ಯರ್ಥಿ ಮೂರನೇ ಸ್ಥಾನಕ್ಕೆ ಹೋದರು. ಪುತ್ತೂರಿನ ಮತದಾರ ತನ್ನ ನಂಬಿಕೆಯನ್ನು ಬಿಟ್ಟಿರಲಿಲ್ಲ, ಆ ನಂಬಿಕೆಯ ಏಜೆನ್ಸಿ ಒಂದೇ ಅಂಗಡಿಗೆ ಇಲ್ಲ ಎಂದು ತೋರಿಸಿದ. ಮರುವರ್ಷ ಲೋಕಸಭೆ ಬಂದಾಗ ಪುತ್ತಿಲ ಪಕ್ಷಕ್ಕೆ ಬಂದರು, ದಕ್ಷಿಣ ಕನ್ನಡ ಬಿಜೆಪಿಯಲ್ಲೇ ಉಳಿಯಿತು.

ದೆಹಲಿಯ ವಿಷಯ ಬಂದಾಗ ನನ್ನ ಕೈ ಯಾಕೆ ಮತ್ತೆ ಅಲ್ಲಿಗೇ ಹೋಗುತ್ತದೆ? ಹೇಳಿದ್ದನ್ನು ಮಾಡಿದರು ಎಂಬುದೇ ದೊಡ್ಡ ಕಾರಣ. ನಾನು ಚಿಕ್ಕವನಾಗಿದ್ದಾಗಿನಿಂದ ಪ್ರಣಾಳಿಕೆಯಲ್ಲಿ ಓದುತ್ತಿದ್ದ ಎರಡು ಸಾಲುಗಳು ನಿಜವಾದವು. 2019ರ ಆಗಸ್ಟ್ 5ರಂದು 370ನೇ ವಿಧಿಯ ವಿಶೇಷ ಸ್ಥಾನ ಹೋಯಿತು. 2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಪ್ರಾಣಪ್ರತಿಷ್ಠೆ ಆಯಿತು. ಮೈಸೂರಿನ ಅರುಣ್ ಯೋಗಿರಾಜ್ ಕಡೆದ ಬಾಲರಾಮನ ಮೂರ್ತಿಯನ್ನು ಟಿ.ವಿ.ಯಲ್ಲಿ ಕಂಡು ನನ್ನ ತಾಯಿ ಎದ್ದು ನಿಂತು ಕೈಮುಗಿದರು, ಆರತಿ ಮುಗಿಯುವವರೆಗೂ ಕೂರಲಿಲ್ಲ. ಇದನ್ನು ಬರಿಯ ಭಾವನೆ ಎಂದು ತಳ್ಳಿಹಾಕುವವರಿಗೆ ಈ ಮತದಾರ ಎಂದೂ ಅರ್ಥವಾಗುವುದಿಲ್ಲ. ತಲೆಮಾರುಗಳ ಕಾಯುವಿಕೆಗೆ ಬೆಲೆ ಸಿಕ್ಕಿತು ಎಂಬ ಅನುಭವ ಅದು. ಗಡಿ, ಸೇನೆ, ಹೊರದೇಶಗಳ ಮುಂದೆ ದೇಶದ ದನಿ ಇವುಗಳಲ್ಲಿ ಇನ್ನೊಂದು ಕಡೆ ಭರವಸೆ ಹುಟ್ಟಿಸುವ ನಾಯಕತ್ವವೂ ನನಗೆ ಕಾಣಲಿಲ್ಲ.

ಆದರೆ ಅದೇ ಕೃತಜ್ಞತೆ ನಮ್ಮ ಬಾಯಿ ಕಟ್ಟಿದೆ. 14ನೇ ಹಣಕಾಸು ಆಯೋಗದ ಕಾಲದಲ್ಲಿ ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇ 4.71 ಇತ್ತು. 15ನೇ ಆಯೋಗ ಅದನ್ನು ಶೇ 3.65ಕ್ಕೆ ಇಳಿಸಿತು. ಸೂತ್ರದಲ್ಲಿ ಶೇ 45ರಷ್ಟು ತೂಕ ತಲಾ ಆದಾಯದ ಅಂತರಕ್ಕೆ. ಬೆಂಗಳೂರಿನ ಆದಾಯ ಇಡೀ ರಾಜ್ಯವನ್ನು ಶ್ರೀಮಂತ ಎಂದು ತೋರಿಸಿತು, ಯಾದಗಿರಿಯ ಬಡತನ ಲೆಕ್ಕಕ್ಕೆ ಬರಲಿಲ್ಲ. 2020–21ಕ್ಕೆ ಅದೇ ಆಯೋಗ ಶಿಫಾರಸು ಮಾಡಿದ 5,495 ಕೋಟಿ ರೂಪಾಯಿಯ ವಿಶೇಷ ಅನುದಾನವೂ ಬರಲಿಲ್ಲ. ಆಗ ಕರ್ನಾಟಕದಿಂದ ಬಿಜೆಪಿಯ 25 ಸಂಸದರಿದ್ದರು, ಬೆಂಗಳೂರಿನಲ್ಲೂ ಅದೇ ಪಕ್ಷದ ಸರ್ಕಾರ. ಬಡ ರಾಜ್ಯಗಳಿಗೆ ಹೆಚ್ಚು ಹೋಗಬೇಕು ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ದೇಶ ಒಂದು ಎನ್ನುವವನು ಅದನ್ನು ಒಪ್ಪಲೇಬೇಕು. ಆದರೆ ಆಯೋಗವೇ ಕೊಡಿ ಎಂದದ್ದನ್ನು ಕೇಳಲು ಆ 25 ಜನರಲ್ಲಿ ಒಬ್ಬರಾದರೂ ಸದನದಲ್ಲಿ ಗಟ್ಟಿಯಾಗಿ ನಿಲ್ಲಬೇಕಿತ್ತು. 2023ರ ಬರದಲ್ಲಿ 223 ತಾಲ್ಲೂಕುಗಳು ಒಣಗಿದಾಗ ರಾಜ್ಯ 18 ಸಾವಿರ ಕೋಟಿಗೂ ಹೆಚ್ಚು ಕೇಳಿತು, ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ ಮೇಲೆ 2024ರ ಏಪ್ರಿಲ್‌ನಲ್ಲಿ 3,454 ಕೋಟಿ ಬಂತು. ಕಾಂಗ್ರೆಸ್ ಸರ್ಕಾರ ಕೇಳಿದ ಅಂಕಿಯಲ್ಲಿ ರಾಜಕೀಯ ಇದ್ದಿರಬಹುದು. ಒಣಗಿದ ಜೋಳದ ಹೊಲದಲ್ಲಿ ಇರಲಿಲ್ಲ.

ಅಡಿಕೆಯದೇ ಮಾತು ತೆಗೆದುಕೊಳ್ಳಿ. ಆಮದು ಕೇಂದ್ರದ ಕೈಯಲ್ಲಿದೆ. 2022ರ ಸೆಪ್ಟೆಂಬರಿನಲ್ಲಿ ಭೂತಾನ್‌ನಿಂದ ವರ್ಷಕ್ಕೆ 17 ಸಾವಿರ ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ನಿಬಂಧನೆ ಇಲ್ಲದೆ ತರಲು ಅನುಮತಿ ಸಿಕ್ಕಿತು. ಮಂಡಿಯಲ್ಲಿ ಗಾಬರಿ ಹುಟ್ಟಿತು. ಬೆಳೆಗಾರರ ಸಂಘಗಳು ಗಲಾಟೆ ಮಾಡಿದವು, ಸಂಸದರು ನಿಯೋಗ ಕೊಂಡೊಯ್ದರು, 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿಗೆ ಏರಿತು. ಕೇಳಿದಾಗ ದೆಹಲಿ ಕಿವಿಗೊಟ್ಟಿತು. ಇದರಿಂದ ನಾನು ಕಲಿತದ್ದು ಇಷ್ಟು: ಮತ ಹಾಕಿದವನು ಕೇಳಿದರೆ ದ್ರೋಹವಾಗುವುದಿಲ್ಲ. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿಗೆ ಬರುವ ಸುದ್ದಿ ಹಬ್ಬಿದಾಗ ನಂದಿನಿಯ ಪರವಾಗಿ ಮೊದಲು ದನಿ ಎತ್ತಬೇಕಾದವರು ನಾವಾಗಿದ್ದೆವು. ಹಳ್ಳಿ ಹಳ್ಳಿಯ ಹಾಲಿನ ಡೇರಿಗಿಂತ ಉಳಿಸಿಕೊಳ್ಳಬೇಕಾದ ಸಂಸ್ಥೆ ಇನ್ನೇನಿದೆ? ಎಡದವರು ಕೂಗುತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ ನಮ್ಮಲ್ಲಿ ಅನೇಕರು ಸುಮ್ಮನಾದರು.

ಎರಡು ತಕ್ಕಡಿಗಳ ಈ ರೂಢಿಯ ಮೇಲೆ ಈಗ ‘ಒಂದು ದೇಶ, ಒಂದು ಚುನಾವಣೆ’ಯ ನೆರಳು ಬಿದ್ದಿದೆ. 2024ರ ಡಿಸೆಂಬರಿನಲ್ಲಿ ಸಂವಿಧಾನ ತಿದ್ದುಪಡಿ ಮಸೂದೆ ಲೋಕಸಭೆಗೆ ಬಂದು ಜಂಟಿ ಸಂಸದೀಯ ಸಮಿತಿಗೆ ಹೋಯಿತು. ಖರ್ಚು ಉಳಿಯುತ್ತದೆ, ನೀತಿಸಂಹಿತೆಯ ನೆಪದಲ್ಲಿ ಕೆಲಸ ನಿಲ್ಲುವುದಿಲ್ಲ ಎಂಬ ವಾದಗಳನ್ನು ನಾನು ಹಗುರವಾಗಿ ನೋಡುವುದಿಲ್ಲ. ಕರ್ನಾಟಕದಲ್ಲಿ ಎರಡೂ ಚುನಾವಣೆ ಒಟ್ಟಿಗೆ ನಡೆದ ಅನುಭವವೂ ಇದೆ. 1989ರಲ್ಲಿ ಕಾಂಗ್ರೆಸ್ಸಿಗೆ ವಿಧಾನಸಭೆಯ 178, ಲೋಕಸಭೆಯ 27 ಸ್ಥಾನಗಳು ಬಂದವು. 1999ರಲ್ಲೂ ಎರಡೂ ಕಡೆ ಕಾಂಗ್ರೆಸ್ಸೇ ಮುಂದು. 2004ರಲ್ಲಿ ಮಾತ್ರ, ಒಟ್ಟಿಗೇ ನಡೆದ ಚುನಾವಣೆಯಲ್ಲಿ, ಬಿಜೆಪಿಗೆ ಲೋಕಸಭೆಯ 28ರಲ್ಲಿ 18 ಕೊಟ್ಟ ಜನ ವಿಧಾನಸಭೆಯ 224ರಲ್ಲಿ 79 ಕೊಟ್ಟರು. ಮತಪ್ರಮಾಣದಲ್ಲೂ ಶೇ 6ರಷ್ಟು ವ್ಯತ್ಯಾಸ. ಹಾಗಾಗಿ ಮತದಾರನ ಬುದ್ಧಿ ಒಟ್ಟಿಗೆ ಮತ ಹಾಕಿದ ಮಾತ್ರಕ್ಕೆ ಮಂಕಾಗುತ್ತದೆ ಎಂದು ನಾನು ಹೇಳುವುದಿಲ್ಲ. ನನ್ನ ಭಯ ಪ್ರಚಾರದ್ದು. 2004ಕ್ಕಿಂತ ಇಂದಿನ ಪ್ರಚಾರ ಹತ್ತು ಪಟ್ಟು ದೊಡ್ಡ ದನಿಯದು, ಆ ದನಿ ಹೊರಡುವುದು ದೆಹಲಿಯಿಂದ. ಎಲೆಚುಕ್ಕೆ ರೋಗ, ಮುಚ್ಚುತ್ತಿರುವ ಕನ್ನಡ ಶಾಲೆ, ಮಳೆಗಾಲದಲ್ಲಿ ವಾರಗಟ್ಟಲೆ ಹೋಗುವ ಕರೆಂಟು ಇವುಗಳ ಮಾತು ಆ ಗದ್ದಲದಲ್ಲಿ ಯಾರಿಗೆ ಕೇಳುತ್ತದೆ? ನನ್ನ ಪಕ್ಷ ತಂದ ಮಸೂದೆ ಎಂಬುದು ಗೊತ್ತಿದ್ದೂ ನಾನು ಇದನ್ನು ವಿರೋಧಿಸುತ್ತೇನೆ. ಚುನಾವಣೆ ಕಡಿಮೆ ಮಾಡುವ ಉತ್ಸಾಹವನ್ನು ನಾವು ಈಗಾಗಲೇ ಬೇರೆ ಕಡೆ ಕಂಡಿದ್ದೇವೆ. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಬಿಜೆಪಿ ಸರ್ಕಾರ ಕ್ಷೇತ್ರ ವಿಂಗಡಣೆಯ ಹೆಸರಿನಲ್ಲಿ ಮುಂದೂಡಿತು, ಕಾಂಗ್ರೆಸ್ ಸರ್ಕಾರ ವರ್ಷಗಟ್ಟಲೆ ಅದನ್ನೇ ಮುಂದುವರಿಸಿತು. ತಾಲ್ಲೂಕು ಪಂಚಾಯಿತಿಯ ಸದಸ್ಯ ಎಂಬೊಬ್ಬ ಮನುಷ್ಯ ಇದ್ದ ಎಂಬುದೇ ಊರಿನ ಹುಡುಗರಿಗೆ ಮರೆತುಹೋಗಿದೆ.

2025ರ ಜುಲೈ 14ರಂದು ಶರಾವತಿ ಹಿನ್ನೀರಿಗೆ ಕಟ್ಟಿದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಉದ್ದ, 470 ಕೋಟಿಗೂ ಹೆಚ್ಚಿನ ವೆಚ್ಚ. ನಿತಿನ್ ಗಡ್ಕರಿ ಬಂದರು. ತನ್ನನ್ನು ಕೇಳದೆ ದಿನ ಗೊತ್ತುಮಾಡಿದರು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಆಕ್ಷೇಪಿಸಿದರು, ರಾಜ್ಯದ ಸಚಿವರು ದೂರ ಉಳಿದರು. ಅರವತ್ತು ವರ್ಷ ಲಾಂಚ್ ನಂಬಿ ಬದುಕಿದ ಜನ, ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ ದೇವರೇ ಗತಿ ಎಂದಿದ್ದ ಜನ, ಆ ದಿನ ಬರಿಗಾಲಿನಲ್ಲಿ ಸೇತುವೆ ದಾಟಿದರು. ಅವರಿಗೆ ಅದು ಕೇಂದ್ರದ ಸೇತುವೆಯೂ ಆಗಿರಲಿಲ್ಲ, ರಾಜ್ಯದ್ದೂ ಆಗಿರಲಿಲ್ಲ.

ಮರುವಾರ ನಾನು ಅದೇ ಸೇತುವೆಯ ಮೇಲೆ ತುಮರಿ ಕಡೆಯ ಸೋದರಮಾವನ ಮನೆಗೆ ಹೋದೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದಾಗ ಅವರ ಮನೆ, ಗದ್ದೆ ನೀರಿನಡಿ ಹೋಯಿತು. ಈಗ ಇರುವ ಜಾಗದಲ್ಲಿ ಎರಡು ತಲೆಮಾರು ತೋಟ ಮಾಡಿದೆ, ಪಹಣಿ ಇಲ್ಲ. ಕಾಗದದಲ್ಲಿ ಅದು ಕಾಡು. ಇಂಥ ಭೂಮಿಯನ್ನು ಕಾಡಿನ ಪಟ್ಟಿಯಿಂದ ಬಿಡಿಸಲು ರಾಜ್ಯ ಸರ್ಕಾರ ಡಿನೋಟಿಫಿಕೇಷನ್ ಮಾಡಿತ್ತು, 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರದ ಒಪ್ಪಿಗೆ ಪಡೆದಿರಲಿಲ್ಲ ಎಂಬ ಕಾರಣಕ್ಕೆ ಆ ಆದೇಶಗಳು ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಮಾವ ಕಬ್ಬಿಣದ ಟ್ರಂಕು ತೆಗೆದು ಕಾಗದಗಳನ್ನು ಹರಡಿದರು. ಸಾಗರದ ಮೊಹರಿನವು ಒಂದು ಕಟ್ಟು, ಶಿವಮೊಗ್ಗದವು ಒಂದು, ಬೆಂಗಳೂರಿನವು ಒಂದು. “ದೆಹಲಿಗೆ ಬರೆದದ್ದು?” ಎಂದು ಕೇಳಿದೆ. “ಅಲ್ಲಿಗೆ ಬರೆಯಬೇಕು ಎಂದು ನಮಗೆ ಯಾರೂ ಹೇಳಲಿಲ್ಲವಲ್ಲ ಮಾರಾಯ” ಎಂದರು. ಲೋಕಸಭೆಗೆ ಅವರು ಪ್ರತಿ ಸಲ ಬೆಳಗ್ಗೆ ಏಳು ಗಂಟೆಗೇ ಹೋಗಿ ಮತ ಹಾಕಿ ಬರುವವರು. ಆ ರಾತ್ರಿ ಇಬ್ಬರೂ ಕೂತು ಸಂಸದರಿಗೊಂದು, ಕೇಂದ್ರ ಅರಣ್ಯ ಸಚಿವಾಲಯಕ್ಕೊಂದು ಅರ್ಜಿ ಬರೆದೆವು. ಸರ್ವೆ ನಂಬರು ಬರೆಯುವಾಗ ಮಾವ ಮುಳುಗಿದ ಗದ್ದೆಯದನ್ನೂ ಸೇರಿಸಿಸಿದರು.